ಬೆಲ್ಟಿನ ಕೊಂಡಿ

ಬಸ್ ನಿಲ್ದಾಣದ ಎದುರಿನ ಲಾಡ್ಜ್, ಮೇಲಿನ ಕೋಣೆ
ಮಂಗಳವಾರ, ಜೂನ್ ೧೦

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಅದನ್ನೂ ಹೊಲಿಗೆ ಮಷಿನ್ನಿಗೇ ಹಾಕುತ್ತಿದ್ದೀರಾ? ಫೋನು ಕೊಟ್ಟರೆ ನೀವು "ಹೂಂ" ಬಿಟ್ಟು ಇನ್ನೊಂದು ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ಅಷ್ಟೇ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದೆ.

ಮದುವೆ ಮನೆ, ಕಾರ್ಮಿಕರ ಸಭೆ, ಶಾಲೆಯ ಅಂಗಳ ಎಂದು ಇಷ್ಟು ವರ್ಷ ಒಬ್ಬಳೇ ಹಾಡಿಕೊಂಡು ತಿರುಗಿದೆ. ಈಗ ನನ್ನದೇ ಹಾಡುಗಳ ರೆಕಾರ್ಡಿಂಗು ಸಿಕ್ಕಿದೆ, ಆದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗಿದೆ. ಕಿವಿಗೆ ಹೆಡ್‌ಫೋನು ಹಾಕಿ ಅದರೊಳಗೆ ಗಡಿಯಾರದಂಥ ಟಿಕ್ ಟಿಕ್ ಬಿಡುತ್ತಾರೆ. ಅದರ ಜೊತೆಗೇ ಹಾಡಬೇಕು. ಸಾಲು ಮುಗಿಯುವಾಗೆಲ್ಲ ನಾನು ಜಾರುತ್ತೇನೆ. "ಅಕ್ಕಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ತಾಳ ಕುಂಟುತ್ತೆ" ಎಂದ ಡ್ರಮ್ಮಿನವನು. ಸ್ಟುಡಿಯೋ ಯಜಮಾನರು ಅಷ್ಟು ಮೃದುವಲ್ಲ. "ಗುರು ಇಲ್ದೆ ಕಲಿತ್ರೆ ಹೀಗೇ ಆಗೋದು. ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಹಾಡು ನಿಮ್ಮದೇ ಇರ್ಲಿ, ಗಂಟಲು ಬೇರೆಯವರದ್ದು ಹಾಕ್ತೀನಿ" ಎಂದರು.

ನಿನ್ನೆ ಮಧ್ಯಾಹ್ನ ಸಿಟ್ಟಿನಲ್ಲಿ ಬೀದಿ ಸುತ್ತುತ್ತ ಒಂದು ಟೈಲರ್ ಅಂಗಡಿಯ ಮುಂದೆ ನಿಂತೆ. ಓಡುತ್ತಿದ್ದ ಮಷಿನ್ನಿಗೆ ಹೊಂದಿಸಿ ಮೆಲ್ಲಗೆ ಹಾಡಿಕೊಂಡೆ. ಅಲ್ಲೂ ಜಾರಿದೆ! ಅದರ ಓಟಕ್ಕೆ ಎಲ್ಲೂ ತಡೆಯೇ ಇರಲಿಲ್ಲ. ಆಗ ನೆನಪಾಯಿತು. ನಮ್ಮ ಮಷಿನ್ನಿನ ಹರಿದ ಬೆಲ್ಟಿಗೆ ನೀವು ತಂತಿಯ ಕೊಂಡಿ ಹಾಕಿದ್ದೀರಲ್ಲ, ಅದು ಮೇಲಿನ ಚಕ್ರ ಹತ್ತುವಾಗ ಒಮ್ಮೆ ತಡೆದು "ಟಕ್" ಎನ್ನುತ್ತದೆ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಗಳ ಮೇಲೆ ಕೂತು ನಾನು ಕಟ್ಟಿದ ಹಾಡುಗಳೆಲ್ಲ ಆ ಟಕ್‌ಗೆ ಕಾದು ಮುಂದೆ ಹೋಗುತ್ತವೆ. "ಸುಮ್ನಿರು ರೇಡಿಯೋ, ನೀನು ಹಾಡಿದ್ರೆ ನನ್ನ ಕಾಲು ತಪ್ಪುತ್ತೆ" ಎಂದು ಬೈಯುತ್ತಿದ್ದಿರಿ. ಆ ಕಾಲೇ ಹಾಡನ್ನು ನಡೆಸುತ್ತಿತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಯಜಮಾನರಿಗೆ ಹೇಳಿದೆ. ನಕ್ಕು, "ಎಲ್ಲಿ, ಕೇಳಿಸಿ ನೋಡೋಣ" ಎಂದರು.

ಅತ್ತಿಗೆಯನ್ನು ಕೇಳಿದೆನೆಂದು ಹೇಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಗಿರಾಕಿಯ ಗುಂಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಿಮ್ಮ
ರೇಡಿಯೋ

ಬರೆಯಲೇಬೇಕಾದ್ದು ಉಳಿದೇಹೋಯಿತು. ನಮ್ಮೂರ ಬಸ್ಸಿನ ಕಂಡಕ್ಟರ್ ಕಾಗದಕ್ಕಾಗಿ ಕೆಳಗೆ ಸೀಟಿ ಊದುತ್ತಿದ್ದಾನೆ. ಶುಕ್ರವಾರ ಆ ಬೆಲ್ಟು ಕಿತ್ತು ನಿಮ್ಮ ಮಷಿನ್ನಿಗೆ ಮೋಟರು ಕೂರಿಸುತ್ತಾರಂತೆ, ಬೆಳಿಗ್ಗೆ ಅಣ್ಣ ಫೋನಿನಲ್ಲಿ ಹೇಳಿದ. ಕೂರಿಸಲಿ, ನಿಮ್ಮ ಮಂಡಿಗಿಂತ ನನ್ನ ತಾಳ ದೊಡ್ಡದಲ್ಲ. ಆದರೆ ಗುರುವಾರ ಯಜಮಾನರನ್ನೂ ಮೈಕನ್ನೂ ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಬೆಲ್ಟನ್ನು ಯಾರೂ ಮುಟ್ಟಬಾರದು. ಅಣ್ಣನಿಗೆ ಹೇಳಿದರೆ "ಒಂದು ಹಳೇ ಬೆಲ್ಟಿಗೆ ಇಷ್ಟು ರಂಪಾನಾ" ಅನ್ನುತ್ತಾನೆ, ಅದಕ್ಕೆ ನಿಮಗೇ ಬರೆದೆ. ಮಷಿನ್ನು ನಾನು ತುಳಿಯುತ್ತೇನೆ, ನೀವು ಬಟ್ಟೆ ಹಿಡಿದರೆ ಸಾಕು. ನಡುವೆ ಬೈಯಬೇಕೆನಿಸಿದರೆ ಬೈಯಿರಿ. ಅದೂ ಹಾಡಿನಲ್ಲಿರಲಿ.