ಮಿನುಗದ ಬೆಳಕು

ಪ್ರೀತಿಯ ಉಪ್ಪ,

ಸಂಜೆ ಹಬ್ಬದ ಚಂದ್ರನನ್ನು ನೋಡಲು ಎಲ್ಲರೂ ಕಾಪುವಿನ ಕಡಲತೀರದಲ್ಲಿ ಸೇರಿದ್ದರು. ನನಗೆ ಕಂಡದ್ದು ನೀರಿನ ಮೇಲೊಂದು ಬೆಳಕು. "ಮಿನುಗಿದರೆ ನಕ್ಷತ್ರ ಮಗಳೇ, ಮಿನುಗದಿದ್ದರೆ ನನ್ನ ದೋಣಿಯ ದೀಪ" ಎಂದು ನೀವೇ ಹೇಳಿಕೊಟ್ಟಿದ್ದಿರಿ. ಅದು ಮಿನುಗಲಿಲ್ಲ. ಮಳೆಗಾಲ ಮುಗಿದ ಮೇಲೆ ಮೀನಿಗೆ ಹೋಗಿ ಇಷ್ಟು ತಿಂಗಳು ಬಾರದವರು ಈಗ ಬಂದಿರಿ ಎಂದು ಮನೆಗೆ ಓಡಿ ಉಮ್ಮನಿಗೆ ಹೇಳಿಬಿಟ್ಟೆ.

ತಿರುಗಿ ತೀರಕ್ಕೆ ಬಂದು ಸುಲೈಮಾನ್ ಕಾಕನಿಗೆ ತೋರಿಸಿದೆ. ಅವರು ನಕ್ಕರು.

"ಎಂತ ಮಾರಾಯ್ತಿ, ಅದು ಶುಕ್ರ ಅಲ್ವಾ? ಗ್ರಹಗಳು ಮಿನುಗುವುದುಂಟಾ?"

ನನ್ನ ಮುಖ ನೋಡಿ ಅವರ ನಗು ನಿಂತಿತು.

ಉಪ್ಪ, ಗ್ರಹಗಳ ವಿಷಯ ನೀವು ಯಾಕೆ ಹೇಳಲಿಲ್ಲ? ಶುಕ್ರ ಮುಳುಗಿ ಆಯಿತು. ನಾನು ನಮ್ಮ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ, ಒಳಗೆ ಹೋಗಲು ಧೈರ್ಯವಿಲ್ಲ. ಉಮ್ಮ ನಿಮ್ಮ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ.