ಅಮ್ಮೆ ಅಂದರೆ ಅಮ್ಮ ಅಲ್ಲ

ಪುಂಜಾಲಕಟ್ಟೆ
ತಾ. ೧೦-೧೧-೨೦೨೫, ಸೋಮವಾರ

ಮಗ ಶಿಶಿರನಿಗೆ ನಿನ್ನ ತಾಯಿ ಕಾಂತಿ ಮಾಡುವ ಆಶೀರ್ವಾದ.

ಆಶೀರ್ವಾದ ಅಂತ ಬರೆಯುವುದು ಕ್ರಮ, ಬರೆದಿದ್ದೇನೆ. ಮುಂದಿನದ್ದನ್ನು ಓದಿದ ಮೇಲೆ ಬೇಕಾದರೆ ಇಟ್ಟುಕೋ, ಬೇಡದಿದ್ದರೆ ಬಿಡು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮಾವನ ಹೋಟೆಲಿನ ಅರೆಯುವ ಕಲ್ಲಿನ ಮುಂದೆ ಕೂತವಳು ನಾನು. ಈ ವಯಸ್ಸಿಗೆ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದಿಯಲ್ಲ, ನಿನಗೆ ನಾಚಿಕೆ ಇಲ್ಲವಾ? ಫೋನ್ ಮಾಡಿದರೆ ‘ಮೀಟಿಂಗಿನಲ್ಲಿದ್ದೇನೆ’ ಅಂತ ಕಟ್ ಮಾಡುತ್ತಿ. ಬೈಕು ಮಾರುವವರಿಗೆ ಬೆಳಿಗ್ಗೆಯಿಂದ ಸಂಜೆ ತನಕ ಎಂತ ಮೀಟಿಂಗು ಮಾರಾಯ? ಎತ್ತಿದ ದಿನ ನನ್ನ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಿ. ವಕೀಲರು ಹೇಳಿದ್ದಾರಂತೆ. ಹೆತ್ತವಳ ಮಾತು ರೆಕಾರ್ಡ್ ಮಾಡುವವನ ಹತ್ತಿರ ಫೋನಿನಲ್ಲಿ ಮಾತಾಡುವುದಕ್ಕಿಂತ ಕಾಗದವೇ ಒಳ್ಳೆಯದು. ಇದನ್ನೂ ವಕೀಲರಿಗೆ ತೋರಿಸು. ತುಳುವಿನಲ್ಲಿ ಬೈಯುವುದಾದರೆ ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಸುತ್ತಿದ್ದೆ. ಕನ್ನಡದಲ್ಲಿ ಬೈಯಲಿಕ್ಕೆ ಬೆಳಿಗ್ಗೆಯ ದೋಸೆ ವ್ಯಾಪಾರವನ್ನು ಅಡುಗೆಯ ಶಂಭುವಿನ ಕೈಗೆ ಬಿಟ್ಟು ಹಿಂದಿನ ಕೋಣೆಯಲ್ಲಿ ಕೂತಿದ್ದೇನೆ. ಅವನು ಕಾವಲಿಯಲ್ಲಿ ಎಷ್ಟು ಕರಟಿಸಿದನೋ, ಇಲ್ಲಿಗೇ ವಾಸನೆ ಬರುತ್ತಾ ಉಂಟು.

ವಿಷಯಕ್ಕೆ ಬರುತ್ತೇನೆ.

ನಿನ್ನೆ ಆದಿತ್ಯವಾರ ನೀನು ಬಂದು ತೃಷಾಳನ್ನು ಐಸ್‌ಕ್ರೀಮು ತಿನ್ನಿಸುತ್ತೇನೆ ಅಂತ ಕರೆದುಕೊಂಡು ಹೋದಿ. ಸಂಜೆ ತಂದು ಬಿಡುವಾಗ ಮಗುವಿನ ಕೈಯಲ್ಲಿ ಹೊಸ ಗೊಂಬೆ. ಮೇಲ್ತುಟಿ ಊದಿತ್ತು. ‘ಬಿದ್ದಳು’ ಅಂದಿ. ಕಾರಿನಿಂದ ಇಳಿಯಲೂ ಇಲ್ಲ. ಬಿದ್ದವರಿಗೆ ಮೊಣಕಾಲು ತರಚುತ್ತದೆ, ಅಂಗೈ ತರಚುತ್ತದೆ. ತುಟಿ ಮಾತ್ರ ಬೀಳುವುದನ್ನು ನಾನು ಈ ವರೆಗೆ ನೋಡಿಲ್ಲ. ತುಪ್ಪ ಹಚ್ಚುವಾಗ ಅವಳೇ ಹೇಳಿದಳು: ‘ಅಜ್ಜಿ, ಆ ಮಕ್ಕಳ ಆಫೀಸಿನಲ್ಲಿ ಪುನಃ ಕೇಳಿದರೆ ಮೊದಲು ಹೇಳಿದ್ದನ್ನೇ ಹೇಳಬೇಕಂತೆ. ನಾನು ಮೊದಲು ಹೇಳಿದ್ದು ಅಮ್ಮೆ ಅಂತ ಅಲ್ಲವಾ? ಹಾಗೆ ಹೇಳಿದ್ದಕ್ಕೆ ತುಟಿ ಹಿಂಡಿದರು. ಇನ್ನು ಅವರನ್ನು ಅಮ್ಮೆ ಅಂತ ಕರೆಯಲೇಬಾರದಂತೆ, ಪಪ್ಪ ಅಂತಲೇ ಕರೆಯಬೇಕಂತೆ.’

ಆರು ವರ್ಷದ ಮಗುವಿಗೆ ಅರ್ಥವಾದದ್ದು ನಿನಗೆ ಅರ್ಥವಾಗುವುದಿಲ್ಲವಾ? ಆಗುತ್ತದೆ. ಅದಕ್ಕೇ ಹಿಂಡಿದ್ದು.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಾಳೆ ನೀನು ‘ಅಮ್ಮನಿಗೆ ಮರೆವು’ ಅಂತ ಹೇಳಬಾರದು. ಜೂನಿನಲ್ಲಿ ನಿಮ್ಮ ಗಂಡ ಹೆಂಡಿರ ಜಗಳ ಜೋರಾಗಿ ಸುಪ್ರೀತಾ ತೋಡಾರಿನ ತಾಯಿಮನೆಗೆ ಹೋದಳು. ನೀನು ಬಿ.ಸಿ.ರೋಡಿನ ಫ್ಲಾಟಿನಲ್ಲೇ ಕೂತಿ. ಜಗಳ ಮುಗಿಯುವ ತನಕ ಅಂತ ಮಗುವನ್ನು ನನ್ನ ಹತ್ತಿರ ಬಿಟ್ಟಿರಿ, ಇಲ್ಲಿಯ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದಿರಿ. ಶನಿವಾರ ಅವಳ ಹತ್ತಿರ, ಆದಿತ್ಯವಾರ ನಿನ್ನ ಹತ್ತಿರ. ಹಾಲಿನ ಕ್ಯಾನು ಸಹ ಹಾಗೆ ಊರೂರು ತಿರುಗುವುದಿಲ್ಲ.

ಸೆಪ್ಟೆಂಬರಿನ ಒಂದು ಸೋಮವಾರ ಫರ್ಹಾನ ಟೀಚರ್ ಮಗುವಿನ ಮೀನಖಂಡದಲ್ಲಿ ಬಾಸುಂಡೆ ನೋಡಿದರು. ತೆಳ್ಳಗೆ, ಎರಡೆರಡು ಗೆರೆ, ಮಡಚಿದ ವಯರಿನಲ್ಲಿ ಬಾರಿಸಿದ ಹಾಗೆ. ಅವರು ಮಕ್ಕಳ ಸಹಾಯದ ನಂಬರಿಗೆ ಫೋನ್ ಮಾಡಿದರು. ನಾನು ಆವತ್ತು ಶಾಲೆಗೆ ಹೋಗಿ ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ‘ನಿಮಗೆ ಸ್ವಂತ ಮಕ್ಕಳಿಲ್ಲ, ಅದಕ್ಕೇ ಬೇರೆಯವರ ಮಕ್ಕಳ ಕಾಲು ನೋಡುವುದು’ ಅಂದೆ. ಅವರು ‘ನನಗೆ ಮೂವತ್ತೆರಡು ಮಕ್ಕಳಿದ್ದಾರೆ ಅಜ್ಜಿ, ಹಾಜರಿ ಕರೆಯುವಾಗ ಬನ್ನಿ, ತೋರಿಸುತ್ತೇನೆ’ ಅಂದರು.

ಒಂದು ಹೇಳುತ್ತೇನೆ, ಈ ಕಾನೂನು ನನಗೂ ಪೂರ್ತಿ ಹಿಡಿಸುವುದಿಲ್ಲ. ಹೆತ್ತವರು ಮಕ್ಕಳಿಗೆ ಒಂದು ಕೊಡಲೂಬಾರದು ಅಂದರೆ ಹೇಗೆ? ನಿನ್ನ ಕುಂಡೆಗೆ ನಾನು ಕೊಟ್ಟಿಲ್ಲವಾ? ಸಟ್ಟುಗದಲ್ಲಿ ಕೊಟ್ಟಿದ್ದೇನೆ. ಮನೆಯೊಳಗಿನ ಮಾತಿಗೆ ಆಫೀಸಿನವರು ಯಾಕೆ ಅಂತ ನನಗೂ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗೆ ಒಂದು ಕೊಡುವುದು ಬೇರೆ. ಚಾರ್ಜರು ಕಿತ್ತು, ವಯರು ಮಡಚಿ, ಅಳತೆ ನೋಡಿ ಬಾರಿಸುವುದು ಬೇರೆ. ಮಡಚುವಷ್ಟು ಹೊತ್ತು ನಿನಗೆ ಪುರುಸೊತ್ತು ಇತ್ತಲ್ಲ, ಆ ಹೊತ್ತಿನಲ್ಲಿ ಸಿಟ್ಟು ಇಳಿಯಬೇಕಿತ್ತು.

ಇನ್ನು ಆಫೀಸಿನ ಕಥೆ. ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮನ್ನೆಲ್ಲ ಕರೆದರು. ಹೊರಡುವ ಮೊದಲು ನಾನೇ ತೃಷಾಳಿಗೆ ತಲೆ ಬಾಚುತ್ತಾ ಹೇಳಿದ್ದೆ: ‘ದೊಡ್ಡವರ ಎದುರು ಪಪ್ಪ ಗಿಪ್ಪ ಬೇಡ, ನಮ್ಮ ಮನೆಯ ಕ್ರಮದಲ್ಲಿ ಅಮ್ಮೆ ಅಂತ ಚಂದ ಮಾಡಿ ಹೇಳು.’ ನನ್ನ ಮನೆಯಲ್ಲಿ ಪಪ್ಪ ಮಮ್ಮಿ ನಡೆಯುವುದಿಲ್ಲ ಅಂತ ನಿನಗೆ ಗೊತ್ತುಂಟು. ಅಲ್ಲಿ ಮಗುವನ್ನು ಒಬ್ಬಳನ್ನೇ ಒಳಗೆ ಕೂರಿಸಿ ಒಬ್ಬಳು ಮೇಡಂ ಮಾತಾಡಿಸಿದಳು. ಗದಗದ ಕಡೆಯ ಹುಡುಗಿ, ಬಂದು ತಿಂಗಳೂ ಆಗಿರಲಿಲ್ಲ. ಒಳ್ಳೆಯ ಹುಡುಗಿ, ಮಗುವಿನ ಎತ್ತರಕ್ಕೆ ನೆಲದಲ್ಲೇ ಕೂತಿದ್ದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ, ನಾನು ಹೊರಗಿನ ಬೆಂಚಿನಲ್ಲಿದ್ದೆ. ತೃಷಾ ತನಗೆ ಬರುವ ಶಾಲೆಯ ಕನ್ನಡದಲ್ಲಿ ಹೇಳಿದಳು: ‘ಅಮ್ಮೆ ಪೆಟ್ಟು ಕೊಟ್ಟದ್ದು. ವಯರಿನಲ್ಲಿ.’ ನನ್ನ ಕಿವಿಯಲ್ಲಿ ಕೇಳಿದ್ದೇನೆ.

ನಿನ್ನ ವಕೀಲರು ಘಟ್ಟದ ಮೇಲಿನವರಂತೆ, ಅವರಿಗೋಸ್ಕರ ಬಿಡಿಸಿ ಬರೆಯುತ್ತೇನೆ. ತುಳುವಿನಲ್ಲಿ ಅಮ್ಮೆ ಅಂದರೆ ತಂದೆ. ಅಪ್ಪೆ ಅಂದರೆ ತಾಯಿ. ಕನ್ನಡದ ಕಿವಿಗೆ ಎರಡೂ ತಿರುಗಾಮುರುಗಾ ಕೇಳುತ್ತದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಊರಿನಲ್ಲಿ ಅಮ್ಮ ಅಂದರೆ ಅಮ್ಮ. ಅವಳು ಸಮಿತಿಯವರ ಎದುರು ‘ಅಮ್ಮ ಹೊಡೆದರು ಅಂತ ಮಗು ಹೇಳಿದೆ’ ಅಂತ ಓದಿದಳು. ಸುಪ್ರೀತಾ ಕುರ್ಚಿಯಿಂದ ಎದ್ದು ನಿಂತು ಅತ್ತಳು. ಮಗುವನ್ನು ಕರೆಸಿ ‘ಹೌದಾ ಪುಟ್ಟಾ’ ಅಂತ ಕೇಳಿದರು. ಅಷ್ಟು ಜನರ ಮಧ್ಯೆ, ತಾಯಿ ಅಳುವುದನ್ನು ನೋಡಿ, ಮಗು ಬಾಯಿ ಬಿಡಲಿಲ್ಲ. ಸುಮ್ಮನಿದ್ದದ್ದನ್ನು ಹೌದು ಅಂತ ಹಿಡಿದರು. ಸದ್ಯಕ್ಕೆ ಅಜ್ಜಿಯ ಹತ್ತಿರ ಇರಲಿ, ತಂದೆ ಬಂದು ಹೋಗಬಹುದು, ತಾಯಿ ಆಫೀಸಿಗೆ ಬಂದು ಅವರ ಎದುರಿನಲ್ಲೇ ನೋಡಬೇಕು ಅಂತ ಹೇಳಿ ಕಳಿಸಿದರು.

ಅವರು ಓದುವಾಗ ನೀನು ನನ್ನ ಮುಖ ನೋಡಿದಿ. ನಾನು ನಿನ್ನ ಮುಖ ನೋಡಿದೆ. ಇಬ್ಬರಿಗೂ ಅದೇ ಕ್ಷಣ ಗೊತ್ತಾಯಿತು. ನೀನು ತಲೆ ತಗ್ಗಿಸಿ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡಿ. ನಗೆ ಒರೆಸಿದ್ದು ಅಂತ ನನಗೆ ಗೊತ್ತುಂಟು, ನಿನಗೆ ಹಾಲು ಕುಡಿಸಿದವಳು ನಾನು.

ನಾನು ಯಾಕೆ ಎದ್ದು ಹೇಳಲಿಲ್ಲ ಅಂತ ಕೇಳಬೇಡ. ಅದನ್ನು ನಿನಗೆ ಬರೆಯುವುದಿಲ್ಲ.

ಮೆಟ್ಟಿಲಿನ ಹತ್ತಿರ ಸುಪ್ರೀತಾ ನನ್ನ ಕೈ ಹಿಡಿದು ಕೇಳಿದಳು: ‘ಮಾಮಿ, ಮಗುವಿನ ಬಾಯಲ್ಲಿ ಇದನ್ನು ಹೇಳಿಸಲಿಕ್ಕೆ ನಿಮಗೆ ಎಷ್ಟು ದಿನ ಹಿಡಿಯಿತು?’ ಏಳು ವರ್ಷದಲ್ಲಿ ನನಗೆ ಎದುರು ಮಾತಾಡದ ಹೆಣ್ಣು. ನಾನೇ ಕಲಿಸಿಕೊಟ್ಟೆ ಅಂತ ಅವಳ ಲೆಕ್ಕ. ಕಲಿಸಿದ್ದು ಹೌದು, ಅಮ್ಮೆ ಅನ್ನುವ ಒಂದು ಶಬ್ದ. ಅದು ಅವಳನ್ನೇ ಹೊಡೆಯಿತು.

ಕಾರಿನಲ್ಲಿ ನೀನು ಹೇಳಿದ ಮಾತು ನೆನಪುಂಟಾ? ‘ದೇವರೇ ಆ ಮೇಡಮ್ಮಿನ ಕಿವಿ ಹಿಡಿದದ್ದು’ ಅಂದಿ. ಸಮಿತಿಯವರಿಗೆ ಸರಿ ಹೇಳು ಅಂದದ್ದಕ್ಕೆ ‘ಅವರು ಬರೆದದ್ದನ್ನು ನಾವ್ಯಾಕೆ ತಿದ್ದುವುದು? ಐದು ವರ್ಷ ದಾಟಿದ ಮಗುವಿಗೆ ಕಾನೂನಿನಲ್ಲಿ ತಂದೆಯೇ ಪಾಲಕ, ನನ್ನ ಹಕ್ಕು ನಾನು ತೆಗೆದುಕೊಳ್ಳುತ್ತೇನೆ’ ಅಂದಿ. ಈಗ ಇಪ್ಪತ್ತನೇ ತಾರೀಕು ಪುನಃ ಕರೆದಿದ್ದಾರೆ. ಆವತ್ತು ಮಗುವನ್ನು ಪೂರ್ತಿ ಕೇಳಿ ಪಡೆದು ಬಿ.ಸಿ.ರೋಡಿಗೆ ಕರೆದುಕೊಂಡು ಹೋಗುವುದು ನಿನ್ನ ಯೋಚನೆ. ಆ ಫ್ಲಾಟಿನಲ್ಲಿ ನೀನು, ಅವಳು, ಮತ್ತು ಒಂದು ಚಾರ್ಜರು. ಅಲ್ಲಿ ಬಾಗಿಲ ಹೊರಗೆ ಬೆಂಚು ಇಲ್ಲ, ಕೇಳುವ ಅಜ್ಜಿಯೂ ಇಲ್ಲ.

ಹಕ್ಕು, ಹಕ್ಕು! ನೀನು ತಂದೆಯ ಹಕ್ಕು ಅಂದಿ. ಸುಪ್ರೀತಾಳ ಅಣ್ಣ ತಾಯಿಯ ಹಕ್ಕು ಅಂದ. ನನಗೂ ಒಮ್ಮೆ ಅಜ್ಜಿಯ ಹಕ್ಕು ಅಂತ ಬಾಯಿಗೆ ಬಂದಿತ್ತು. ನಮ್ಮ ಜಾತಿಯ ಕ್ರಮದಲ್ಲಿ ನೋಡಿದರೆ ನಿನಗೂ ಇಲ್ಲ, ನನಗೂ ಇಲ್ಲ. ಬರಿ, ವಕೀಲರ ಭಾಷೆಯಲ್ಲಿ ಗೋತ್ರ ಅಂತ ಇಟ್ಟುಕೋ, ಬರುವುದು ತಾಯಿಯಿಂದ. ನಿನ್ನ ಬರಿ ನನ್ನದು. ತೃಷಾಳ ಬರಿ ಸುಪ್ರೀತಾಳದ್ದು. ಅವಳಿಗೂ ನಮಗೂ ಬರಿಯೇ ಬೇರೆ. ಆ ಕ್ರಮವೂ ಬಿಡು, ಸರಕಾರದ ಕಾನೂನೂ ಬಿಡು. ಈ ಇಡೀ ಪಂಚಾಯಿತಿಕೆಯಲ್ಲಿ ಸತ್ಯ ಹೇಳಿದ್ದು ಒಂದೇ ಒಂದು ಜೀವ. ಒಂದೇ ಶಬ್ದದಲ್ಲಿ ಹೇಳಿತು. ಅದರದ್ದೂ ಒಂದು ಹಕ್ಕು ಅಂತ ಉಂಟಲ್ಲ, ಹೇಳಿದ್ದು ಹೇಳಿದ ಹಾಗೆ ಕೇಳಿಸಬೇಕು ಅನ್ನುವ ಹಕ್ಕು? ಅದನ್ನು ಅವಳ ತುಟಿಯಿಂದಲೇ ಹಿಂಡಿ ತೆಗೆಯಲಿಕ್ಕೆ ಹೊರಟಿದ್ದಿ.

ನೀನು ಕೆಟ್ಟವನು ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ಆದರೆ ಒಳ್ಳೆಯವನು ಅಂತ ಬರೆಯಲೂ ಬರುವುದಿಲ್ಲ.

ಈಗ ಕೇಳು. ಇಪ್ಪತ್ತನೇ ತಾರೀಕು ನೀನೇ ಎದ್ದು ನಿಂತು, ‘ನನ್ನ ಮಗಳು ಹೇಳಿದ್ದು ಅಮ್ಮೆ ಅಂತ, ಅಂದರೆ ನಾನು’ ಅಂತ ಹೇಳಬೇಕು. ತಂದೆ ಅಂತ ಇಷ್ಟು ದಿನ ಎದೆ ತಟ್ಟಿದಿಯಲ್ಲ, ಒಂದು ಸಲ ತಂದೆಯ ಕೆಲಸ ಮಾಡು. ನೀನು ಹೇಳಿದರೆ ನಾಳೆ ಅವಳು ದೊಡ್ಡವಳಾದಾಗ ನಿನ್ನ ಮುಖ ನೋಡಲಿಕ್ಕೆ ಒಂದು ಕಾರಣ ಉಳಿಯುತ್ತದೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ನನ್ನ ಕನ್ನಡ ಕೇಳಿ ಅವರು ನಕ್ಕರೂ ಅಡ್ಡಿಲ್ಲ. ಆಮೇಲೆ ‘ಹೆತ್ತ ತಾಯಿಯೇ ಮಗನನ್ನು ಹಿಡಿದುಕೊಟ್ಟಳು’ ಅಂತ ಊರೆಲ್ಲ ಹೇಳಿಕೊಂಡು ತಿರುಗು. ಹೇಳುವವರು ನನ್ನ ಹೋಟೆಲಿಗೇ ಬಂದು ಹೇಳುತ್ತಾರೆ, ಚಾ ಕೊಟ್ಟು ಕಳಿಸುತ್ತೇನೆ.

ಸಣ್ಣವನಿರುವಾಗ ನೀನು ನನ್ನನ್ನು ಅಪ್ಪೆ ಅಂತ ಕರೆಯುತ್ತಿದ್ದಿ. ಶೋರೂಮು ಸೇರಿದ ಮೇಲೆ ಅಮ್ಮ ಆದೆ. ಈ ಕಾಗದಕ್ಕೆ ಹಳೆಯದೇ ಇರಲಿ.

ಇಂತಿ,
ನಿನ್ನ ಅಪ್ಪೆ
ಕಾಂತಿ

ತಾ.ಕ.: ತೃಷಾಳ ಬಟ್ಟೆ, ಪುಸ್ತಕ, ನೀರಿನ ಬಾಟಲಿ ಎಲ್ಲ ಇವತ್ತೇ ಚೀಲಕ್ಕೆ ತುಂಬಿಸಿದ್ದೇನೆ. ಸತ್ಯ ಹೇಳಿದರೆ ಅವಳು ನನ್ನ ಹತ್ತಿರವೂ ಉಳಿಯುವುದಿಲ್ಲ ಅಂತ ಆವತ್ತು ಬೆಂಚಿನಲ್ಲಿ ಕೂತಾಗಲೇ ನನಗೆ ಗೊತ್ತಿತ್ತು. ಹಳದಿ ಫ್ರಾಕು ಮಾತ್ರ ಹೊರಗಿಟ್ಟೆ. ಅದು ಒಗೆಯಲಿಕ್ಕೆ ಉಂಟು ಅಂತ ಅವಳಿಗೆ ಹೇಳಿದ್ದೇನೆ. ‘ಯಾರ ಮನೆಗೆ ಅಜ್ಜಿ?’ ಅಂತ ಕೇಳಿದಳು. ತುಳುವಿನಲ್ಲೇ ಹೇಳಿದೆ: ‘ಅಪ್ಪೆ ಇಲ್ಲ್.’ ತಾಯಿಯ ಮನೆ. ಗದಗದ ಆ ಹುಡುಗಿ ಹತ್ತಿರ ಇದ್ದಿದ್ದರೆ ‘ಅಪ್ಪ ಇಲ್ಲ’ ಅಂತ ಬರೆದುಕೊಳ್ಳುತ್ತಿದ್ದಳು. ನೀನು ಇಪ್ಪತ್ತಕ್ಕೆ ಬಾಯಿ ಬಿಡದಿದ್ದರೆ ಅದು ತಪ್ಪು ಅಂತ ನಾನು ತಿದ್ದಲಿಕ್ಕೆ ಹೋಗುವುದಿಲ್ಲ. ಹದಿನೇಳನೇ ತಾರೀಕು ಸೋಮವಾರದ ಒಳಗೆ ಉತ್ತರ ಬರಬೇಕು. ಫೋನಿನಲ್ಲಿ ಅಲ್ಲ.