ಕೊಳದ ಬೂಸ್ಟಿಗೆ ಇವರ ಹೆಸರು

ಉಮಿಯುಜಾಕ್, ಆಗಸ್ಟ್ ೧೪

ಅಕ್ಕಾ,

ಅಕ್ಷರ ಓರೆಯಾಗಿದ್ದರೆ ನಗುವಿನಿಂದ. ಇವರು ಹೋದ ಮೇಲೆ ಇಷ್ಟು ನಕ್ಕಿದ್ದು ಇವತ್ತೇ. ಇಲ್ಲಿ ನೆಲದೊಳಗಿನ ಮಂಜುಗಡ್ಡೆ ಕರಗಿ, ನಾದಿನಿ ಅಕಿನಿಸಿ ಬೆರಿ ಹಣ್ಣು ಬಿಡಿಸುತ್ತಿದ್ದ ದಿಬ್ಬ ಕುಸಿದು, ಚಹಾ ಬಣ್ಣದ ಕೊಳವಾಗಿದೆ. ಅದರ ನೀರು ಪರೀಕ್ಷಿಸಲು ಬಂದ ಹುಡುಗಿ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಕೊಳೆತ ಪಾಚಿಯ ಮೇಲೆ ದುಂಡನೆಯ ಬೂಸ್ಟು. ಅದರೊಳಗಿಂದ ಬಾಲವಿರುವ ಮರಿಗಳು ಹೊರಬಿದ್ದು, ಕಂಡದ್ದಕ್ಕೆಲ್ಲ ಡಿಕ್ಕಿ ಹೊಡೆಯುತ್ತ ಓಡುತ್ತಿದ್ದವು. ಇವರು ದೋಣಿ ಓಡಿಸುತ್ತಿದ್ದುದೂ ಹಾಗೆಯೇ ಅಲ್ಲವೇ? ಆ ನೀರು ತುಂಬಿದ ಬಾಟಲಿಯ ಮೇಲೆ ಏನು ಹೆಸರು ಬರೆಯಲಿ ಎಂದು ಹುಡುಗಿ ಕೇಳಿದಾಗ, "ಪುತುಲಿಕ್" ಎಂದು ಇವರ ಹೆಸರನ್ನೇ ಹೇಳಿಬಿಟ್ಟೆ. ಅವಳು ಬರೆದೇಬಿಟ್ಟಳು.

ಅಕಿನಿಸಿ ಹಣೆ ಚಚ್ಚಿಕೊಂಡಳು. "ಅತ್ತಿಗೆ, ಹೆಸರು ಕೊಟ್ರೆ ಸತ್ತೋರೇ ವಾಪಸ್ ಬಂದಂಗಲ್ವಾ? ಇನ್ಮೇಲೆ ಈ ಬೂಸ್ಟನ್ನ ನಾನು ಅಣ್ಣ ಅನ್ಬೇಕಾ?"

"ಅನ್ನು. ನಾನು ರೀ ಅಂತೀನಿ."

ಅವಳು ಬಾಟಲಿಗೆ ಬಗ್ಗಿ, "ಅಣ್ಣಾ, ಊಟ ಆಯ್ತಾ?" ಎಂದಳು. ನಗು ತಡೆಯಲಾಗದೆ ಇಬ್ಬರೂ ಒದ್ದೆ ಪಾಚಿಯ ಮೇಲೆಯೇ ಕುಳಿತೆವು.

ಮಂಡಿನೋವು ಕಡಿಮೆಯಾಗಿದೆ. ರಾತ್ರಿ ನಿದ್ದೆಯೂ ಬರುತ್ತಿದೆ.

ಒಂದು ವರ್ಷವಾದರೂ ಇವರ ಹೆಸರು ಯಾವ ಮಗುವಿಗೂ ಸಿಕ್ಕಿಲ್ಲ. ನಿನ್ನ ಮಗಳು ಸಿಯಾಸಿಗೆ ಮುಂದಿನ ತಿಂಗಳು ಹೆರಿಗೆ. ಗಂಡಾಗಲಿ ಹೆಣ್ಣಾಗಲಿ, ಇವರ ಹೆಸರಿಡುತ್ತಾಳಾ ಕೇಳು. ಅವಳು ಎದುರಿಗಿದ್ದಾಗ ನನಗೆ ಕೇಳಲು ಬಾಯಿ ಬರಲಿಲ್ಲ. ಬೇಗ ಕೇಳು ಅಕ್ಕಾ, ಅವಳು ಹೂಂ ಅನ್ನುವವರೆಗೆ ಇವರು ಬಾಟಲಿಯಲ್ಲೇ ಇರಬೇಕು.

ನಿನ್ನ ತಂಗಿ
ಅಲಾಸಿ